ಲಾಳಿಗೆ ಬಾಯಿಡದ ಮಾಗಿ

ಅಕ್ಕಾ,

ಮಾಗಿ ಚಳಿ ಬಿದ್ದಿದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಈಗ ಮಗ್ಗದ ಸದ್ದಿಗಿಂತ ಕೆಮ್ಮಿನ ಸದ್ದೇ ಜಾಸ್ತಿ. ಇಂಥ ದಿನಗಳಲ್ಲಿ ನೀನು ಮಗ್ಗದ ಮನೆಯ ಬಾಗಿಲಲ್ಲಿ ಸೋಪು, ಚೊಂಬು ಇಟ್ಟುಕೊಂಡು ಕಾವಲು ನಿಲ್ಲುತ್ತಿದ್ದೆಯಲ್ಲ, ಅದೇ ನೆನಪು. "ಕೈ ತೊಳೀದೆ ಒಳಗೆ ಕಾಲಿಟ್ರೆ ನೋಡು!" ಸೀರೆ ಕೊಳ್ಳಲು ಬಂದ ಸಾಹುಕಾರರನ್ನೂ ಬಿಟ್ಟವಳಲ್ಲ ನೀನು.

ಆ ಕೊಕ್ಕೆ ನೆನಪಿದೆಯಾ? ನೂಲಿನ ಕಂಡಿಕೆ ಬದಲಾಯಿಸಿದಾಗಲೆಲ್ಲ ನಾವು ಲಾಳಿಯ ತೂತಿಗೆ ಬಾಯಿಟ್ಟು, ಉಸಿರೆಳೆದು ದಾರ ಹೊರಗೆ ತೆಗೆಯುತ್ತಿದ್ದೆವು. ಅಪ್ಪನೂ ಹಾಗೇ, ಊರೂ ಹಾಗೇ. ಒಂದೇ ಲಾಳಿಗೆ ಮನೆಮಂದಿಯ ಬಾಯೆಲ್ಲ. ಒಬ್ಬನಿಗೆ ನೆಗಡಿಯಾದರೆ ಎಲ್ಲರ ಮೂಗೂ ಸೋರುತ್ತಿತ್ತು. ನೀನು ಹಳೇ ಕೊಡೆಯ ಕಡ್ಡಿ ಮುರಿದು, ತುದಿ ಬಗ್ಗಿಸಿ, ಒಂದೊಂದು ಮಗ್ಗಕ್ಕೂ ಒಂದೊಂದು ಕೊಕ್ಕೆ ನೇತುಹಾಕಿದೆ.

"ಇದನ್ನ ಹಿಡ್ಕೊಂಡು ತಡಕಾಡೋ ಹೊತ್ತಿಗೆ ಒಂದು ಸೆರಗೇ ನೇಯ್ತೀನಿ ಕಣಕ್ಕಾ" ಎಂದು ನಾನು ಕೂಗಾಡಿದೆ.

"ನೇಯಪ್ಪಾ, ನೇಯಿ. ಆ ಸೆರಗಲ್ಲೇ ಮೂಗೂ ಒರೆಸ್ಕೋ" ಅಂದೆಯಲ್ಲ! ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿ.

ಹದಿನೈದು ದಿನದ ಹಿಂದೆ ಆಸ್ಪತ್ರೆಗೆ ಸುಧಾಳ ಜೊತೆ ಹೋಗಿದ್ದೆ. ಹೌದಕ್ಕಾ, ನಿನ್ನ ಮಗಳು ಬಸುರಿ. ಎಷ್ಟು ವರ್ಷ ಕಾದಳು, ನೀನೂ ಕಾದೂ ಕಾದೂ ಕಣ್ಣು ಮುಚ್ಚಿದೆ... ಇರಲಿ. ಬಸುರಿಗೆ ಫ್ಲೂ ಬಂದರೆ ತುಂಬ ಕಷ್ಟ ಎಂದರು ಡಾಕ್ಟರು. ಅವಳಿಗೆ ಲಸಿಕೆ ಹಾಕಿದರು. ಮನೆಯಲ್ಲಿ ಕೆಮ್ಮುವವರು ದೂರವಿರಬೇಕು ಎಂದರು. ಮನೆಗೆ ಬಂದ ಮೇಲೆ ಜ್ವರ ಹಿಡಿದದ್ದು ಯಾರಿಗೆ? ನನಗೇ!

ಜ್ವರ ಬಂತೆಂದು ಮಗ್ಗ ನಿಲ್ಲಿಸಿದವನಾ ನಾನು? ಈ ಸಲ ನಿಲ್ಲಿಸಿದೆ. ನಾನು ಮಗ್ಗದಿಂದ ಎದ್ದರೆ ಅದೇ ಲಾಳಿ ಸುಧಾಳ ಕೈಗೆ ಹೋಗುತ್ತದೆ. ಮಂಚ ಜಗುಲಿಗೆ ಹಾಕಿಸಿಕೊಂಡೆ. ನನ್ನ ತಟ್ಟೆ, ಲೋಟ ಬೇರೆ. ಕೆಮ್ಮು ಬಂದರೆ ಬಾಯಿಗೆ ಟವೆಲು. ಒಂದು ಸಂಜೆ ಅವಳೇ ಕಷಾಯ ಹಿಡಿದು ಬಂದಳು.

"ಅಲ್ಲೇ ಇಟ್ಟು ಹೋಗೇ! ಹತ್ರ ಬಂದ್ರೆ ಕಾಲು ಮುರೀತೀನಿ!"

"ಅಮ್ಮನ ಥರಾನೇ ಬೈತೀಯಲ್ಲ ಮಾವ" ಎಂದು ನಕ್ಕಳು. ಅವಳು ಒಳಗೆ ಹೋದ ಮೇಲೆಯೇ ಲೋಟ ಎತ್ತಿಕೊಂಡೆ.

ಜ್ವರ, ಕೆಮ್ಮು ಎರಡೂ ಪೂರ್ತಿ ಹೋದ ಮೇಲೆ ಇವತ್ತು ಮಗ್ಗಕ್ಕೆ ಕೂತೆ. ಸುಧಾ ಗುಂಡುಕಲ್ಲಿನ ಹಾಗಿದ್ದಾಳೆ, ಒಂದು ಸೀನೂ ಇಲ್ಲ. ಕರೆಂಟು ಹೋಗಿತ್ತು, ಕಂಡಿಕೆ ಬದಲಾಯಿಸೋಣವೆಂದರೆ ಕಣ್ಣು ಮಂಜು. ಕೊಕ್ಕೆಗೆ ದಾರ ಸಿಗಲೇ ಇಲ್ಲ. ರೇಗಿ ಲಾಳಿಯನ್ನು ಬಾಯಿಯ ತನಕ ತಂದಿದ್ದೆ, ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಸುಧಾ ಕೆಮ್ಮಿದಳು. ಕಳ್ಳ ಕೆಮ್ಮು, ನನಗೆ ಕೇಳಿಸಲೆಂದೇ. ಮತ್ತೆ ಕೊಕ್ಕೆ ಹಿಡಿದೆ.

ಸಂಕ್ರಾಂತಿ ಕಳೆದ ಮೇಲೆ ಮಗು ಬರುತ್ತದೆ. ಬಾಗಿಲಲ್ಲಿ ಸೋಪು, ಚೊಂಬು ಈಗಾಗಲೇ ಇಟ್ಟಿದ್ದೇನೆ. ಕೈ ತೊಳೆಯದೆ ಎತ್ತಿಕೊಳ್ಳಲು ಬಂದವರು ಯಾರೇ ಆಗಲಿ, ಬೈಯುವ ಕೆಲಸ ನನ್ನದು. ಅದೊಂದು ನನಗೆ ಚೆನ್ನಾಗಿ ಬರುತ್ತದೆ, ನಿನಗೆ ಗೊತ್ತಲ್ಲ.

ನಿನ್ನ ತಮ್ಮ