ಓಲ್ಶಾ, ಹನ್ನೊಂದು ಹಾಳೆಗಳಲ್ಲಿ

ಜನವರಿ 9

ಬೆಳಿಗ್ಗೆ ಹೊಗೆಕೊಳವೆಯ ತುಂಡುಗಳೂ ಹಾಳೆಯೊಳಗೆ ಕೂತವು. ಈಗ ಕತ್ತರಿಸಿ ಅಂಟಿಸಿ ಕಟ್ಟುವ ಇಡೀ ಕಾಗದದ ಹಡಗು ಹನ್ನೊಂದೇ ಹಾಳೆ — ಎ4, ಸ್ಟೇಷನರಿ ಅಂಗಡಿಯಲ್ಲಿ ಸಿಗುವ ದಪ್ಪ ಕಾಗದ. ಮೊದಲು ಹದಿನೆಂಟಿತ್ತು. ತುಂಡುಗಳನ್ನು ಹಾಗೆ ಹೀಗೆ ತಿರುಗಿಸಿ, ಸಂದಿಗೊಂದಿಗೆ ತುರುಕಿ ಇಳಿಸಿದೆ. ಗ್ಡಿನಿಯಾದ ಶಿಪ್‌ಯಾರ್ಡಿನಲ್ಲಿ ಅಷ್ಟು ವರ್ಷ ನಕ್ಷೆ ಬರೆದದ್ದು ನೀರಲ್ಲಿ ಮಾಡಿದ ಹೋಮವಾಗಲಿಲ್ಲ.

ಸಂಜೆ ಮಾದರಿ ಹಡಗು ಕಟ್ಟುವವರ ಕ್ಲಬ್ಬಿನಲ್ಲಿ ತೋರಿಸಿದೆ. ಸೆವೆರಿನ್ ನಕ್ಕ. ಪ್ರತಿ ವರ್ಷವೂ ಪದಕ ಒಯ್ಯುವವನು, ನಗಲಿ. ಮನೆಯಲ್ಲಿ ಪ್ರಿಂಟ್ ತೆಗೆದು ಕಟ್ಟುವುದೆಲ್ಲ ಶಾಲೆ ಮಕ್ಕಳ ಕೈಕೆಲಸವಂತೆ. ಕಾಗದದ ಹಡಗು ಅಂದರೆ ಪ್ರಕಾಶಕರ ಕಿಟ್ ಅಂತೆ, ಲೇಸರಿನಲ್ಲಿ ಕತ್ತರಿಸಿದ ಅಸ್ಥಿಪಂಜರ ಸಮೇತ. ಆ ಬೆಲೆಯಲ್ಲಿ ಒಬ್ಬ ಪಿಂಚಣಿದಾರನ ವಾರದ ಊಟವಾಗುತ್ತದೆ. ಅವರು ಮುದ್ರಿಸುವುದೂ ಬರೀ ಯುದ್ಧನೌಕೆ. ಮೀನು ಹಿಡಿದ ಹಡಗು ಯಾರಿಗೆ ಬೇಕು...

ನೆಲಮಹಡಿಯ ತೆಯೋಫಿಲ್‌ಗೆ ಬೇಕು. ಹದಿನಾರು ವರ್ಷ ಓಲ್ಶಾದ ಡೆಕ್ಕಿನ ಮೇಸ್ತ್ರಿಯಾಗಿದ್ದವನು. ಹಡಗು ಗುಜರಿಗೆ ಹೋಗಿ ಬಹಳ ಕಾಲವಾಯಿತು. ಅದರ ಮಾತು ಬಂದಾಗೆಲ್ಲ ಒಂದೇ ಹೇಳುತ್ತಾನೆ: “ಕಡಿಯುವವ್ರು ಕಡಿದ್ರು. ಕಟ್ಲಿಕ್ಕೆ ನಾನಿದ್ದೇನಲ್ಲ.”

ಅವನ ಹತ್ತಿರ ಇರುವುದು ಕತ್ತರಿ, ಅಂಟು, ಪಕ್ಕದ ಗ್ರಂಥಾಲಯದ ಪ್ರಿಂಟರ್. ಫೈಲ್ ಅವನಿಗೇ ಕೊಟ್ಟಿದ್ದೇನೆ. ಅವನ ಕೈಯಲ್ಲಿ ಆದರೆ ಯಾರ ಕೈಯಲ್ಲೂ ಆಗುತ್ತದೆ. ಆಗದಿದ್ದರೆ ಸೆವೆರಿನ್ ಹೇಳಿದ್ದೇ ಸರಿ. ಏಪ್ರಿಲ್ ಪ್ರದರ್ಶನದ ಮೇಜಿನ ಮೇಲೆ ಓಲ್ಶಾ ನಿಲ್ಲಬೇಕು. ನಿಲ್ಲಿಸುತ್ತೇನೆ.

ಜನವರಿ 27

ತೆಯೋಫಿಲ್ ಬಂದ, ಚೀಲದಲ್ಲಿ ಮುದುಡಿದ ಕಾಗದ. ಹಡಗಿನ ಚೂಪು ಮುಂಮೂತಿಯ ಹೊದಿಕೆಯನ್ನು ಬಾಗಿಸುವಾಗ ಬಿರಿದಿದೆ. ಹೊಗೆಕೊಳವೆ ದುಂಡಗಾಗುವ ಬದಲು ಮೂಲೆಮೂಲೆಯಾಗಿದೆ.

ಪ್ರಿಂಟರ್ ಕುಗ್ಗಿಸಿರಬೇಕು ಅಂದುಕೊಂಡೆ. ಹಾಳೆಯ ಅಂಚಿನ ಅಳತೆಗೆರೆಗೆ ಸ್ಕೇಲ್ ಹಿಡಿದೆ — ಕೂದಲೆಳೆಯೂ ತಪ್ಪಿಲ್ಲ. ನನ್ನದೇ ಮಾದರಿ ಕಪಾಟಿನ ಮೇಲಿದೆ, ಒಂದು ಬಿರುಕಿಲ್ಲ. ಅದು ಕಟ್ಟಿದ್ದು ಹಳೆಯ ನಕ್ಷೆಕಾಗದದಲ್ಲಿ, ದೊಡ್ಡ ಹಾಳೆಯಿಂದ ಬೇಕಾದಂತೆ ಕತ್ತರಿಸಿಕೊಂಡು. ಆದರೇನು, ಕಾಗದ ಕಾಗದವೇ.

ನಿನ್ನ ಕೈ ಹಗ್ಗಕ್ಕೆ ಸರಿ, ಕಾಗದಕ್ಕಲ್ಲ ಅಂದೆ. ತಂದಿದ್ದ ಹೆರಿಂಗ್ ಮೀನಿನ ಜಾಡಿ ಮೇಜಿನ ಮೇಲಿಟ್ಟು ಹೋದ. ಬೈಸಿಕೊಂಡವನು ಕೊಟ್ಟ ಮೀನು. ಮುಚ್ಚಳ ತೆರೆಯದೆ ಒಳಗಿಟ್ಟೆ.

ಫೆಬ್ರವರಿ 15, ಮಧ್ಯಾಹ್ನ

ಮತ್ತೆ ಅದೇ ಜಾಗದಲ್ಲಿ ಬಿರುಕು. ಎರಡನೇ ಸಲ. ತೆಯೋಫಿಲ್ ಬೂಟೂ ಕಳಚದೆ ಬಾಗಿಲಲ್ಲೇ ನಿಂತ.

“ಇನ್ನು ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ತಿ. ಹಿಮ ಬೀಳುವಾಗ ಬಲೆ ಹೊಲಿದ ಕೈ ಇದು. ನಿನ್ನ ಕಾಗದಕ್ಕೆ ನನ್ನ ಮೇಲೆ ಎಂತ ಸಿಟ್ಟೋ.”

ಉಳಿದ ಹಾಳೆಯನ್ನು ನನ್ನೆದುರೇ ಹರಿದ. ಉದ್ದಕ್ಕೆ ಹರಿದ — ಚಾಕು ಇಟ್ಟಂತೆ ನೇರ. ಆಮೇಲೆ ಅಡ್ಡಕ್ಕೆ ಹರಿದ — ನಾಯಿ ಕಚ್ಚಿದಂತೆ ಅಂಕುಡೊಂಕು. ತುಂಡುಗಳನ್ನು ಅವನ ಕೈಯಿಂದ ಕಿತ್ತುಕೊಂಡೆ. ಹೊಡೆಯುತ್ತೇನೆ ಅಂದುಕೊಂಡು ಹಿಂದೆ ಸರಿದ.

ಕಾಗದಕ್ಕೂ ನಾರಿದೆ. ನಾರಿಗೆ ಒಗ್ಗಿ ಸುತ್ತಿದರೆ ದುಂಡಗಾಗುತ್ತದೆ, ನಾರನ್ನೇ ಮುರಿದು ಬಗ್ಗಿಸಿದರೆ ಬಿರಿಯುತ್ತದೆ. ಕ್ಲಬ್ಬಿನಲ್ಲಿ ಹೊಸಬರಿಗೆ ಮೊದಲ ದಿನ ಈ ಪಾಠ ಹೇಳುವವಳು ನಾನೇ. ಅಂಗಡಿಯ ಎ4ನಲ್ಲಿ ನಾರು ಉದ್ದಕ್ಕೆ ಮಲಗಿರುತ್ತದೆ. ಏಳು ಹಾಳೆ ಉಳಿಸುವ ಆಸೆಗೆ ಅರ್ಧ ತುಂಡುಗಳನ್ನು ಅಡ್ಡ ತಿರುಗಿಸಿ ಕೂತಿದ್ದೇನೆ! ಅಗ್ಗ ಮಾಡಲು ಹೋಗಿ ಕಟ್ಟಲಾಗದ ಹಡಗು ಮಾಡಿದ್ದೇನೆ.

ಹೇಳಿದೆ. ತಪ್ಪು ನಿನ್ನ ಕೈಯದಲ್ಲ, ನನ್ನದು ಅಂತ.

“ಹಾಗಾದ್ರೆ ನನ್ನ ಹೆರಿಂಗ್ ವಾಪಸ್ ಕೊಡು.”

ಬೂಟು ಕಳಚಿ ಒಳಗೆ ಬಂದ. ಬ್ರೆಡ್ ಜೊತೆ ಇಬ್ಬರೂ ತಿಂದೆವು. ನಾಚಿಕೆ ಇನ್ನೂ ಹೋಗಿಲ್ಲ.

ಫೆಬ್ರವರಿ 19

ಹಾಳೆಗಳ ಜೋಡಣೆಯನ್ನೆಲ್ಲ ಬಿಚ್ಚಿದೆ. ಬಾಗುವ ಪ್ರತಿ ತುಂಡೂ ನಾರಿನ ಜಾಡಿಗೆ. ಮತ್ತೆ ಹದಿನೆಂಟು ಹಾಳೆ. ಅಷ್ಟೂ ಬಣ್ಣದ ಪ್ರಿಂಟ್. ಗ್ರಂಥಾಲಯದಲ್ಲಿ ಕಪ್ಪು ಶಾಯಿಗೆ ಚಿಲ್ಲರೆ ಸಾಕು, ಬಣ್ಣಕ್ಕೆ ಕೈ ಸುಡುತ್ತದೆ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು.

ಬಿಡುವುದಿಲ್ಲ.

ಮಾರ್ಚ್ 2

ಲಕೋಟೆ ತರಲು ಅಂಗಡಿಗೆ ಹೋದವಳು ಮಕ್ಕಳ ಬಣ್ಣದ ಹಾಳೆಗಳ ಮುಂದೆ ನಿಂತುಬಿಟ್ಟೆ. ಇಟ್ಟಿಗೆ ಕೆಂಪು, ಬೂದು, ಕೆನೆ. ಒಳಗೂ ಹೊರಗೂ ಒಂದೇ ಬಣ್ಣ. ಶಾಯಿ ಯಾಕೆ ಸುರಿಯಬೇಕು? ನೀರಿನ ಕೆಳಗಿನ ಭಾಗವೆಲ್ಲ ಕೆಂಪು ಹಾಳೆಗೆ, ಮೇಲಿನದು ಬೂದಿಗೆ, ಕ್ಯಾಬಿನ್‌ಗಳು ಕೆನೆಗೆ. ಮುದ್ರಿಸುವುದು ಬರೀ ಕಪ್ಪು ಗೆರೆ. ಹದಿನೆಂಟು ಹಾಳೆಯಾದರೂ ಮೊದಲಿನ ಹನ್ನೊಂದಕ್ಕಿಂತ ಅಗ್ಗ.

ಸೆವೆರಿನ್ ಹೇಳಿದ್ದ ಶಾಲೆ ಮಕ್ಕಳ ಕಾಗದ! ಆಗಲಿ. ಲಕೋಟೆ ಮರೆತು ಬಂದೆ.

ಮಾರ್ಚ್ 23

ಕೆಳಗಿಂದ ಹೀಟರ್ ಪೈಪಿಗೆ ಬಡಿತ. ಚಪ್ಪಲಿಯಲ್ಲೇ ಇಳಿದು ಓಡಿದೆ. ಮುಂಮೂತಿ ಮುಚ್ಚಿದೆ. ಎರಡೂ ಬದಿ ಬಂದು ತುಟಿಯಂತೆ ಕೂಡಿವೆ. ತೆಯೋಫಿಲ್ ಅಂಟು ಒಣಗುವವರೆಗೂ ಬೆರಳಲ್ಲಿ ಒತ್ತಿ ಹಿಡಿದು ಕೂತಿದ್ದ, ಪೈಪು ಬಡಿದದ್ದು ಕಾಲಲ್ಲಂತೆ. ನನಗೆ ಅಳು ಬಂತು. ಅವನಿಗೆ ತೋರಿಸಲಿಲ್ಲ.

ಏಪ್ರಿಲ್ 14

ಪ್ರದರ್ಶನ. ಸೆವೆರಿನ್ ವಾಡಿಕೆಯಂತೆ ಪುಟ್ಟ ಟಾರ್ಚ್ ಹಿಡಿದು ಬಂದ. ಕತ್ತರಿಸಿದ ಅಂಚಿನಲ್ಲಿ ಕಾಗದದ ಬಿಳಿ ಇಣುಕುತ್ತದಾ ಅಂತ ಹುಡುಕುವುದು ಅವನ ಚಾಳಿ. ನಾವೆಲ್ಲ ಅಂಚಿಗೆ ಬಣ್ಣ ಹಚ್ಚಿ ಸೋಲುವುದೇ ಅಲ್ಲಿ. ಓಲ್ಶಾವನ್ನು ಸುತ್ತಿದ. ಮತ್ತೊಮ್ಮೆ ಸುತ್ತಿದ.

“ಅಂಚಿಗೆ ಯಾವ ಬಣ್ಣ ಹಾಕಿದ್ದೀರಿ?”

ಹಾಕಿಲ್ಲ, ಕಾಗದವೇ ಹಾಗೆ, ಎಂದ ತೆಯೋಫಿಲ್. ಮಕ್ಕಳ ಕಾಗದ ಎಂದು ಸೇರಿಸಿದವಳು ನಾನು. ಹೇಳದೆ ಇರಲು ಆಗಲಿಲ್ಲ. ಪದಕ ಸೆವೆರಿನ್‌ನ ಯುದ್ಧನೌಕೆಗೇ ಬಂತು, ಅದು ನ್ಯಾಯವೇ. ಹೊರಡುವಾಗ ಅವನೇ ನನ್ನ ಕಿವಿಯ ಹತ್ತಿರ ಬಂದು ಫೈಲ್ ಯಾವಾಗ ಬಿಡುತ್ತೀರಿ ಎಂದು ಕೇಳಿದ.

ಏಪ್ರಿಲ್ 20

ಫೈಲ್ ಇಂಟರ್ನೆಟ್ಟಿಗೆ ಹಾಕಿದೆ. ಬೆಲೆ ಒಂದು ರೈ ಬ್ರೆಡ್ಡಿನಷ್ಟು. ‘ನಾರು ನೋಡಿ, ಆಮೇಲೆ ಕತ್ತರಿಸಿ’ ಅಂತ ಮೊದಲ ಹಾಳೆಯಲ್ಲೇ ದಪ್ಪಗೆ ಬರೆದಿದ್ದೇನೆ.

ಮೇ 11, ಬೆಳಿಗ್ಗೆ

ಸರೋವರಗಳ ಕಡೆಯ ಯಾವುದೋ ಸಣ್ಣ ಪಟ್ಟಣದಿಂದ ಸಂದೇಶ, ಜೊತೆಗೆ ಫೋಟೋ. ಅಲ್ಲಿಯ ಅಂಗಡಿಯಲ್ಲಿ ಬೂದು ಹಾಳೆ ಸಿಗಲಿಲ್ಲವಂತೆ, ಗುಲಾಬಿ ಬಣ್ಣದ ಹಾಳೆಯಲ್ಲಿ ಕಟ್ಟಿದ್ದಾನೆ. ಗುಲಾಬಿ ಓಲ್ಶಾ. ಒಂದು ಬಿರುಕಿಲ್ಲ. ಕೆಳಗೆ ಬರೆದಿದ್ದಾನೆ: ‘ಅಡುಗೆಮನೆ ಬಾಗಿಲು ಎಡಗಡೆ ಇತ್ತು. ನೀವು ಬಲಕ್ಕೆ ಇಟ್ಟಿದ್ದೀರಿ. ಸರಿಮಾಡಿ ಕಳಿಸಿ, ಕತ್ತರಿ ಹಿಡಿದು ಕೂತಿದ್ದೇನೆ. ಆಲೋಯ್ಜಿ, ಅಡುಗೆಯವನು.’

ಪೈಪು ಬಡಿದೆ. ತೆಯೋಫಿಲ್ ಏದುಸಿರು ಬಿಡುತ್ತಾ ಬಂದ. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ.

“ಸತ್ತಿಲ್ವಾ ಈ ಮುದುಕ... ಹೌದು ಮಾರಾಯ್ತಿ, ಎಡಗಡೆಯೇ. ಆ ಬಾಗಿಲಲ್ಲೇ ನನ್ನ ಮೈಮೇಲೆ ಸೂಪ್ ಚೆಲ್ಲಿದ್ದು ಇವ.”

ಕಣ್ಣು ಒರೆಸಿಕೊಂಡು ಅಲ್ಲೇ ನಿಂತಿದ್ದಾನೆ, ನನ್ನ ಕುರ್ಚಿ ಹಿಡಿದು. ಬಾಗಿಲು ಎಡಕ್ಕೆ ತಂದೆ. ಕಿಟಕಿ ಎರಡು ಮಿಲಿಮೀಟರ್ ಹಿಂದಕ್ಕೆ. ಬಾಗಿಲ ಪಕ್ಕ ಒದ್ದೆ ಟೊಪ್ಪಿ ತೂಗುಹಾಕುವ ಕೊಕ್ಕೆಗಳಿದ್ದವಂತೆ, ಒಬ್ಬೊಬ್ಬರಿಗೆ ಒಂದೊಂದು. ಹೆಸರು ಹೇಳುತ್ತಿದ್ದಾನೆ, ನಾನು ಗೆರೆ ಎಳೆಯುತ್ತಿದ್ದೇನೆ. ಮೊದಲನೆಯದು ಆಲೋಯ್ಜಿಯದು, ಎರಡನೆಯದು ತೆಯೋಫಿಲ್‌ನದೇ, ಮೂರನೆಯದು...