ಹೊಸ ಸ್ವಿಚ್ಚು, ಮಗಳ ಕಿವಿ

ಮಾರ್ಚ್ 3, ಭಾನುವಾರ. ಬೆಳಿಗ್ಗೆ 7
ಇಂದೂ ಎದ್ದ ಕೂಡಲೇ ಸ್ಪೀಕರುಗಳ ಮುಂದೆ. ಹೊಸ ನೆಟ್‌ವರ್ಕ್ ಸ್ವಿಚ್ಚಿಗೆ ಮೂರನೆಯ ದಿನ. ಇಂಟರ್ನೆಟ್ ವೈರು ಇದರೊಳಗೆ ಹೊಕ್ಕು ಪ್ಲೇಯರಿಗೆ ಹೋಗುತ್ತದೆ. ದಾರಿಯಲ್ಲಿ ಕಸವೆಲ್ಲ ಸೋಸಿಹೋಗುತ್ತದಂತೆ. ಅಂತೆ ಏನು, ಕೇಳಿಸುತ್ತಿದೆಯಲ್ಲ! ಹಾಡುವವಳು ಉಸಿರೆಳೆದುಕೊಳ್ಳುವುದು ಕೂಡ. ಸ್ವಿಚ್ಚಿನ ಪುಟ್ಟ ದೀಪಗಳಿಂದಲೂ ಸದ್ದು ಕೆಡುತ್ತದೆಂದು ಎಲ್ಲೋ ಓದಿದೆ. ಅವುಗಳ ಮೇಲೆ ಕಪ್ಪು ಟೇಪು ಅಂಟಿಸಿದೆ.

ಇವಳು ಕಾಫಿ ಇಟ್ಟು ಹೋದಳು. "ಹಳೇ ಡಬ್ಬ ಏನ್ ಪಾಪ ಮಾಡಿತ್ತು ರೀ? ಅದ್ರಲ್ಲೂ ಹಾಡೇ ಬರ್ತಿತ್ತಲ್ಲ."

ಇವಳಿಗೆ ವಿವರಿಸುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಮಾರ್ಚ್ 10, ಭಾನುವಾರ. ಸಂಜೆ
ನಾನು ಕೆಲಸ ಮಾಡುವ ಸ್ಟುಡಿಯೋ ಯಜಮಾನರು ಬಂದಿದ್ದರು. ಜೊತೆಗೆ ಇಬ್ಬರು ಸಹೋದ್ಯೋಗಿಗಳು. ಪರೀಕ್ಷೆ ಇಟ್ಟೆ — ಅದೇ ಹಾಡು, ಹಳೆಯ ಸ್ವಿಚ್ಚಿನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ. ವೈರು ಬದಲಿಸುವುದು ನಾನು, ಫೋನಿನಿಂದ ಹಾಡು ಹಾಕುವುದು ಮಗಳು. ಮೂವರೂ ಹೊಸದಕ್ಕೆ ತಲೆದೂಗಿದರು. ಇಪ್ಪತ್ತಾರು ವರ್ಷ ಡಬ್ಬಿಂಗಿನ ಸದ್ದು ತಿದ್ದಿದ ಕಿವಿ ನನ್ನದು, ಸುಳ್ಳು ಹೇಳೀತೆ?

ಮಗಳು ಮಾತ್ರ — "ಎರಡೂ ಒಂದೇ ಥರ ಇದೆ ಅಪ್ಪ."

"ಕಿವೀಲಿ ಹತ್ತಿ ಇಟ್ಕೊಂಡಿದ್ದೀಯೇನೇ?" ಅಂದೆ. ಎಲ್ಲರೂ ನಕ್ಕರು. ಏನೋ ಹೇಳಲು ಹೊರಟವಳು ಯಜಮಾನರತ್ತ ನೋಡಿ ಫೋನು ಮಗುಚಿಟ್ಟಳು.

ಮಾರ್ಚ್ 11
ಯಜಮಾನರು ಕೇಳಿದರು. "ಅಸಿಸ್ಟೆಂಟ್ ಕೆಲಸಕ್ಕೆ ನಿಮ್ಮ ಮಗಳನ್ನೇ ತಗೊಳ್ಳೋಣವಾ? ನಿಮ್ಮ ಮಾತೇ ಕೊನೆ." ಎರಡು ವರ್ಷದಿಂದ ಅದಕ್ಕೇ ಕಾದಿದ್ದಾಳೆ.

"ಕಿವಿ ಇನ್ನೂ ಪಳಗಿಲ್ಲ ಸಾರ್" ಅಂದೆ. ಮಗಳೆಂದು ರಿಯಾಯಿತಿ ತೋರಿಸಲಿಲ್ಲವೆಂಬ ಹೆಮ್ಮೆ ಬೇರೆ. ಮನೆಗೆ ಬಂದು ಅವಳಿಗೂ ಹೇಳಿದೆ. "ಸರಿ ಅಪ್ಪ" ಅಂದಳು. ಅಷ್ಟೇ.

ಮಾರ್ಚ್ 27. ಮಧ್ಯಾಹ್ನ
ಪಕ್ಕದವರು ನಮ್ಮ ವೈಫೈ ಬಳಸುತ್ತಾರೆಂದು ಇವಳು ಪಾಸ್‌ವರ್ಡ್ ಬದಲಿಸಿದಳು. ನನ್ನ ಹಾಡು ನಿಂತುಹೋಯಿತು. ರೇಗಲು ಹೊರಟವನು ಬಾಗಿಲಲ್ಲೇ ನಿಂತೆ. ವೈರಿನಲ್ಲಿ ಬರುವ ಹಾಡಿಗೂ ವೈಫೈಗೂ ಏನು ಸಂಬಂಧ?

ಕಪಾಟಿನ ಹಿಂದೆ ತೂರಿ ಟೇಪು ಕಿತ್ತೆ. ಪ್ಲೇಯರಿನ ವೈರು ಚುಚ್ಚಿದ್ದ ಕಡೆ ದೀಪವೇ ಇಲ್ಲ. ಪ್ಲೇಯರಿನ ಸೆಟ್ಟಿಂಗ್ ತೆಗೆದೆ… ವೈಫೈ ಆನ್, ವೈರು ಬಂದ್. ಫೆಬ್ರವರಿಯಲ್ಲಿ ಅಪ್‌ಡೇಟ್ ಆದಾಗಿನಿಂದ ಹೀಗೇ. ಅಂದರೆ ಒಂದೇ ಒಂದು ಸ್ವರವೂ ಆ ಸ್ವಿಚ್ಚಿನೊಳಗೆ ಹೋಗಿಲ್ಲ.

ಮೂವರ ಮುಂದೆ ವೈರು ಕಿತ್ತು, ಚುಚ್ಚಿ, ಕಣ್ಣು ಮುಚ್ಚಿ "ಈಗ ಕೇಳಿ" ಅಂದದ್ದು ನೆನಪಾಯಿತು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಇದ್ದದ್ದನ್ನು ಇದ್ದಹಾಗೆ ಕೇಳಿಸಿಕೊಂಡವಳು ಮಗಳೊಬ್ಬಳೇ. ಅವಳ ಕಿವಿ ಸರಿಯಿಲ್ಲವೆಂದು ಊರಿಗೆಲ್ಲ ಸಾರಿದವನು ನಾನು. ಥೂ.

ಮಾರ್ಚ್ 28
ಯಜಮಾನರಿಗೆ ಎಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗೂ ವ್ಯತ್ಯಾಸ ಕೇಳಿಸಿತ್ತಲ್ಲ, ಬಿಡಿ!" ಕೆಲಸದ ವಿಷಯ ಎತ್ತಿದೆ. ನಗು ನಿಂತಿತು. "ಅಯ್ಯೋ, ಸೋಮವಾರವೇ ಬೇರೆಯವರು ಸೇರಿಕೊಂಡ್ರಲ್ಲ."

ಮಾರ್ಚ್ 31, ಭಾನುವಾರ
ಮೂರು ದಿನ ಮಗಳಿಗೆ ಮುಖ ತಪ್ಪಿಸಿ ಓಡಾಡಿದೆ. ಇಂದು ಬಟ್ಟೆ ಮಡಚುತ್ತಿದ್ದಳು. ಎದುರಿಗೆ ಕುಳಿತು ಎಲ್ಲ ಹೇಳಿದೆ, ನೆಲ ನೋಡಿಕೊಂಡೇ.

"ಗೊತ್ತಿತ್ತು ಅಪ್ಪ. ಪ್ಲೇಯರ್ ವೈಫೈಯಲ್ಲಿದೆ ಅಂತ ಫೋನಲ್ಲಿ ತೋರಿಸ್ತಿತ್ತು."

"ಅವತ್ತೇ?"

"ಅವತ್ತೇ. ನಿಮ್ಮ ಯಜಮಾನ್ರು ಕೂತಿದ್ರಲ್ಲ, ಅವರೆದುರಿಗೆ ಹೇಗೆ ಹೇಳ್ಲಿ? ನಿಮ್ಮ ಕಿವಿ ನಂಬಿಕೊಂಡೇ ಅವರು ಸ್ಟುಡಿಯೋ ನಡೆಸ್ತಿರೋದು."

"ಮಾರನೇ ದಿನ? ನಾನು ಬಂದು ಆ ಮಾತು ಹೇಳ್ದಾಗ? ಆಗಲಾದ್ರೂ ಬಾಯಿ ಬಿಡಬಾರ್ದಿತ್ತೇನೇ?"

ಕೈಯಲ್ಲಿದ್ದ ಅಂಗಿ ಕೆಳಗಿಟ್ಟಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಹೇಳಿದ್ರೆ ನಂಬ್ತಿದ್ರಾ ಅಪ್ಪ?"

ನಂಬುತ್ತಿದ್ದೆ ಅನ್ನಲು ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು. "ಇಲ್ಲ ಕಣೇ, ನಂಬ್ತಿರ್ಲಿಲ್ಲ" ಅಂದೆ.