ಎರಡು ವಿಮಾನಕ್ಕೆ ಒಂದೇ ಮಾತು

9-1-2023, ಸೋಮವಾರ

ಜೀಪು ಇವತ್ತೂ ಲೇಟು. ಕೂಡ್ಲಿಗಿ ಬಸ್‌ಸ್ಟ್ಯಾಂಡ್ ಎದುರು ನಿಂತು ಎರಡು ಚಹಾ ಕುಡಿದೆ. ಟ್ರಯಲ್ ಉಚ್ಚಂಗಿದುರ್ಗದ ಕಡೆ. ಹಾಗಾಗಿ ಈ ತಿಂಗಳು ಮನೆಯಿಂದಲೇ ಓಡಾಟ, ಅವ್ವನಿಗೆ ಖುಷಿ. ಮಗಳದು ಏನು ಕೆಲಸ ಎಂದು ಓಣಿಯವರು ಕೇಳಿದರೆ "ವಿಮಾನದ್ದು" ಎಂದು ಸುಮ್ಮನಾಗುತ್ತಾಳೆ. ನಾನು ಹೇಳಿರುವುದೂ ಅಷ್ಟೇ. ರಕ್ಷಣಾ ಇಲಾಖೆಯ ಕೆಲಸ, ಹೆಚ್ಚು ಹೇಳುವಂತಿಲ್ಲ.

ಇಲ್ಲಾದರೂ ಬರೆದುಕೊಳ್ಳೋಣ. ಗಡಿಯ ಮೇಲೆ ಕಣ್ಣಿಡುವ ವಿಮಾನ ಎರಡು ಥರ — ಪೈಲಟ್ ಇರುವುದು, ಇಲ್ಲದ್ದು. ಒಂದೊಂದಕ್ಕೂ ಚಿತ್ರ ಕಳಿಸಲು ಬೇರೆ ಡೇಟಾ ಲಿಂಕ್, ನೋಡಲು ಬೇರೆ ಸ್ಕ್ರೀನ್. ನಾಲ್ಕು ವರ್ಷದಿಂದ ನಾನು ಬರೆಯುತ್ತಿರುವ ಸ್ಟ್ಯಾಂಡರ್ಡ್, ಅಂದರೆ ಎಲ್ಲರಿಗೂ ಒಂದೇ ನಿಯಮ, ಹೇಳುವುದಿಷ್ಟೇ: ಎಲ್ಲವೂ ಒಂದೇ ಭಾಷೆಯಲ್ಲಿ ಮಾತಾಡಲಿ, ಒಂದೇ ಸ್ಕ್ರೀನಿನಲ್ಲಿ ಕಾಣಲಿ. ಈ ಟ್ರಯಲ್ ಅದರದೇ.

ತಮ್ಮ ಸಿದ್ದಲಿಂಗ ಮಿಲಿಟರಿಯಲ್ಲಿ ಅಂಥ ಸ್ಕ್ರೀನುಗಳ ಮುಂದೆ ಕೂರುವವನು. ಹೋದ ರಜೆಯಲ್ಲಿ ಹೇಳಿದ್ದ: "ಈ ಸ್ಕ್ರೀನ್ ನೋಡಾಗ ಆ ಸ್ಕ್ರೀನಿನಾಗ ಆಗಿದ್ದು ತಪ್ಪಿ ಹೋತಕ್ಕ. ನಮ್ ಹುಡುಗ ಒಬ್ಬಂದು ಕಾಲು ಹೋತು." ಆಮೇಲೆ ಊಟ ಮಾಡಲಿಲ್ಲ.

11-1-2023, ಸಂಜೆ

ಫೇಲ್.

ಒಂದೊಂದೇ ಹಾರಿಸಿದಾಗ ಬಂಗಾರ. ವಿಮಾನ ವಾಪಸ್ ಹೊರಡುವಾಗ ಕಾವಲನ್ನು ಡ್ರೋನ್ ವಹಿಸಿಕೊಳ್ಳಬೇಕಲ್ಲ… ಅಲ್ಲಿ ಎರಡೂ ಗಪ್‌ಚಿಪ್. ಸ್ಕ್ರೀನ್ ಕಪ್ಪು.

ಡ್ರೋನ್ ಟೀಮಿನ ಪ್ರವೀಣಕುಮಾರ್, ನಿಮ್ಮ ಸ್ಟ್ಯಾಂಡರ್ಡೇ ಸರಿಯಿಲ್ಲ ಎಂದ. ಡ್ರೋನಿನೊಳಗಿನ ನಿಮ್ಮ ಡಬ್ಬಿ ಸರಿಯಿಲ್ಲ ಎಂದೆ. ಕೊಟ್ಟೂರಿನವನು, ಮನೆಯವರದು ಬಟ್ಟೆ ಅಂಗಡಿ. ದಿನಾ ನಮ್ಮ ಜೀಪಿನಲ್ಲೇ ಬರುವುದು. ವಾಪಸ್ ಬರುವಾಗ ಅವನು ಆ ಕಿಟಕಿ, ನಾನು ಈ ಕಿಟಕಿ.

ಟ್ರಯಲ್ ನೋಡಿಕೊಳ್ಳುವ ವಾಯುಪಡೆಯ ವಿಂಗ್ ಕಮಾಂಡರ್ ಮಂಗಳವಾರ ಇನ್ನೊಂದೇ ಅವಕಾಶ ಎಂದಿದ್ದಾರೆ. ಅದೂ ಕೆಟ್ಟರೆ ಫೈಲ್ ಕ್ಲೋಸ್. ಅವರವರ ಡಬ್ಬಿ ಅವರವರಿಗೆ. ಸಿದ್ದಲಿಂಗನಿಗೆ ಅದೇ ಎರಡು ಸ್ಕ್ರೀನ್.

ಕ್ಲೋಸ್ ಮಾಡಲು ನಾನು ಬಿಟ್ಟರೆ ತಾನೆ?

15-1-2023, ಸಂಕ್ರಾಂತಿ

ಮಧ್ಯಾಹ್ನ ಪ್ರವೀಣಕುಮಾರ್ ಮನೆಗೇ ಬಂದ. ಲ್ಯಾಪ್‌ಟಾಪ್ ಹಿಡಿದುಕೊಂಡು, ಜಗಳ ಮುಂದುವರಿಸಲು. ಹಬ್ಬದ ದಿನ ಬಾಗಿಲಲ್ಲಿ ನಿಂತವರನ್ನು ಅವ್ವ ಬಿಡುವವಳಲ್ಲ. ಅಪ್ಪನ ಪಕ್ಕ ಕೂರಿಸಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿಯೇ ಬಿಟ್ಟಳು.

ಇಬ್ಬರೂ ಕೈ ಹಚ್ಚಲಿಲ್ಲ.

ಅಪ್ಪನದು ನನಗೆ ಗೊತ್ತು. ಮೇಲ್ಜಾತಿಯ ಅಂಥ ಮನೆಯವರು ನಮ್ಮ ಓಣಿಗೆ ಬಂದು, ನೀರು ಕೂಡ ಮುಟ್ಟದೆ ಹೋದದ್ದನ್ನು ಜೀವನವಿಡೀ ನೋಡಿದವನು. ಉಣ್ಣು ಎಂದ ಮೇಲೆ ಈತ ಒಲ್ಲೆ ಎಂದರೆ? ಅದಕ್ಕೇ ಬಾಯಿ ಬಿಡಲಿಲ್ಲ. ನನಗೂ ಸಿಟ್ಟು ಏಳುತ್ತಿತ್ತು. ಪ್ರವೀಣಕುಮಾರ್ ಮಾತ್ರ ತಲೆ ತಗ್ಗಿಸಿ ರೊಟ್ಟಿಯನ್ನೇ ನೋಡುತ್ತಿದ್ದ.

ಅವ್ವ ಅಪ್ಪನನ್ನು ಗದರಿದಳು: "ಮನಿಯವ್ರು ನೀವು. ನೀವು 'ಉಣ್ಣಪಾ' ಅನ್ನದ ಅವ್ರು ಹೆಂಗ ಕೈ ಹಚ್ತಾರ?"

"ಉಣ್ಣಪಾ" ಎಂದ ಅಪ್ಪ, ಮೆಲ್ಲಗೆ.

"ಹಿರೇರು ಅನ್ಲಿ ಅಂತ ಕಾಯಕತ್ತಿದ್ದೆ ನೋಡ್ರಿ" ಎಂದು ಪ್ರವೀಣಕುಮಾರ್ ರೊಟ್ಟಿ ಮುರಿದ. ಮೂರು ತಿಂದ. ಅಪ್ಪ ನಾಲ್ಕನೆಯದನ್ನು ತಾನೇ ಬಡಿಸಿದ.

ಆಗಲೇ ನನಗೆ ಹೊಳೆಯಿತು. ಕರೆ ಬಂದರೆ ಉತ್ತರಿಸಬೇಕು — ಸ್ಟ್ಯಾಂಡರ್ಡಿನಲ್ಲಿ ವಿಮಾನಕ್ಕೂ ಡ್ರೋನಿಗೂ ನಾನು ಬರೆದಿರುವುದು ಇದನ್ನೇ. ಮೊದಲು ಕರೆಯುವವರು ಯಾರು? ಬರೆದೇ ಇಲ್ಲ! ವಿಮಾನವೂ ಕಾದಿದೆ, ಡ್ರೋನೂ ಕಾದಿದೆ. ಯಾರ ಡಬ್ಬಿಯೂ ಕೆಟ್ಟಿಲ್ಲ. ಹಾಗೆಂದೆ. ಪ್ರವೀಣಕುಮಾರ್ ಎಡಗೈಯಲ್ಲೇ ಲ್ಯಾಪ್‌ಟಾಪ್ ತೆರೆದ.

17-1-2023

ಸೇರಿಸಿದ್ದು ಒಂದೇ ಸಾಲು: ಕಾವಲಿನಲ್ಲಿ ಇರುವವರು ಮೊದಲು ಕರೆಯಬೇಕು.

ವಿಮಾನ ಕರೆಯಿತು. ಡ್ರೋನ್ ಓಗೊಟ್ಟಿತು. ಸ್ಕ್ರೀನಿನಲ್ಲಿ ಗುಡ್ಡ, ಕೋಟೆ ಗೋಡೆ, ದಾರಿಯಲ್ಲಿ ಹೋಗುವ ಎತ್ತಿನ ಗಾಡಿ — ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ದಾಟಿದರೂ ಗಾಡಿ ಎಲ್ಲಿಯೂ ಕಾಣದಾಗಲಿಲ್ಲ. ವಿಂಗ್ ಕಮಾಂಡರ್ ಮೂರು ಸಲ ಮಾಡಿಸಿದರು. ಮೂರೂ ಸಲ ಸರಿ.

ಹೆಮ್ಮೆ. ಕೂಡ್ಲಿಗಿಯ ಸುಂಕಪ್ಪನ ಮಗಳು ಕೋಮಲಾ ಬರೆದ ಮಾತನ್ನು ವಿಮಾನಗಳು ಕೇಳುತ್ತವೆ. ಬರೆದೇ ಬಿಟ್ಟೆ, ಇಲ್ಲಿ ಯಾರು ಓದುತ್ತಾರೆ.

12-8-2024

ಸ್ಟ್ಯಾಂಡರ್ಡ್ ಪ್ರಿಂಟಾಗಿ ಬಂತು. ಇನ್ನು ಮುಂದೆ ಯಾರೇ ವಿಮಾನ ಮಾಡಲಿ, ಇದನ್ನು ಪಾಲಿಸಲೇಬೇಕು. ಒಳಗೆ ಯಾರ ಹೆಸರೂ ಇಲ್ಲ, ನಂಬರ್ ಮಾತ್ರ. ಅದು ಹಾಗೇ ಎಂದು ಮೊದಲೇ ಗೊತ್ತಿತ್ತು. ಆದರೂ ಮೂರು ಸಲ ಹಾಳೆ ತಿರುವಿ ಹುಡುಕಿದೆ, ಸುಳ್ಳೇಕೆ ಹೇಳಲಿ. ಪ್ರವೀಣಕುಮಾರ್ ಫೋನ್ ಮಾಡಿ ನಕ್ಕ. ಅವನೂ ಹುಡುಕಿದ್ದನಂತೆ.

16-11-2025, ಭಾನುವಾರ, ಕೂಡ್ಲಿಗಿ

ಸಿದ್ದಲಿಂಗ ರಜೆಗೆ ಬಂದಿದ್ದಾನೆ. ಮೈ ಕೈ ತುಂಬಿಕೊಂಡಿದ್ದಾನೆ, ಊಟವೂ ಚೆನ್ನಾಗಿ ಸೇರುತ್ತಿದೆ. ಉಂಡ ಮೇಲೆ ಎರಡು ಲೋಟ ಮುಂದಿಟ್ಟುಕೊಂಡು ನನಗೆ ಪಾಠ ಶುರು ಮಾಡಿದ. ಇದು ವಿಮಾನ, ಇದು ಡ್ರೋನ್.

"ಈಗ ಎಲ್ಲಾ ಒಂದs ಸ್ಕ್ರೀನಕ್ಕ. ಇದು ಹೊಂಟ್ರ ಅದು ಬರತೈತಿ, ಚಿತ್ರ ಒಂದ್ ಚೂರೂ ಕಡಿಯಂಗಿಲ್ಲ. ಹೋದ ತಿಂಗಳು ಅದರಿಂದs ನಾವು ಆರು ಮಂದಿ ಉಳದ್ವಿ. ಯಾರು ಮಾಡ್ಯಾರೋ, ಅವ್ರ ಹೊಟ್ಟಿ ತಣ್ಣಗಿರ್ಲಿ." ಆಮೇಲೆ ನನ್ನ ಮುಖ ನೋಡಿ, "ತಿಳೀತೇನು?" ಎಂದ.

"ಇಲ್ಲಪಾ. ಇನ್ನೊಮ್ಮೆ ಹೇಳು" ಎಂದೆ.

ಲೋಟಗಳನ್ನು ಮತ್ತೆ ಜೋಡಿಸಿದ. ಅಪ್ಪ ಅವ್ವ ಇಬ್ಬರೂ ಹತ್ತಿರ ಬಂದು ಕುಳಿತರು. ಆರು ಮಂದಿ ಎನ್ನುವಲ್ಲಿಗೆ ಬಂದಾಗ ನಾನು "ಇನ್ನೊಮ್ಮೆ" ಎಂದೆ; ಬರೆದವಳು ನಾನೇ ಎಂದು ಹೇಳುವಂತಿಲ್ಲ, ಕೇಳುವುದಕ್ಕಂತೂ ಅಡ್ಡಿಯಿಲ್ಲ.